ಬೇವಿನ ಎಣ್ಣೆ ಪಂಪಿನಲ್ಲಿ ಒಡೆದರೆ ದೋಷ ಹುಡುಕುವ ಕ್ರಮ

ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳ ಹತ್ತಿ ಮತ್ತು ಮೆಣಸಿನಕಾಯಿ ಹೊಲಗಳಲ್ಲಿ ಬೇವಿನ ಎಣ್ಣೆ ಸಿಂಪಡಿಸುವವರಿಗೆ ಎದುರಾಗುವ ತೊಂದರೆ ಹೆಚ್ಚುಕಡಿಮೆ ಒಂದೇ ಬಗೆಯದು. ಪಂಪಿಗೆ ತುಂಬುವಾಗ ಬೆಳ್ಳಗೆ ಬೆರೆತಂತೆ ಕಂಡ ಎಣ್ಣೆ ಸ್ವಲ್ಪ ಹೊತ್ತಿನಲ್ಲೇ ಬೇರ್ಪಟ್ಟು ಮೇಲೆ ತೇಲುತ್ತದೆ ಮತ್ತು ನಾಜಲ್ ಕಟ್ಟಿಕೊಳ್ಳುತ್ತದೆ. ಪಂಪು ತಳದಿಂದ ಎಳೆದುಕೊಳ್ಳುವುದರಿಂದ ಮೊದಲ ಸಾಲುಗಳಿಗೆ ಬರೀ ನೀರು ಬೀಳುತ್ತದೆ. ಟ್ಯಾಂಕು ಖಾಲಿಯಾಗುವ ಹೊತ್ತಿಗೆ ಕೊನೆಯ ಸಾಲುಗಳಿಗೆ ದಪ್ಪ ಎಣ್ಣೆ ಬಿದ್ದು ಎಲೆ ಸುಡುತ್ತದೆ. ಆಗ ಸಾಮಾನ್ಯವಾಗಿ ಎಣ್ಣೆಯಲ್ಲಿ ಕಲಬೆರಕೆ ಇದೆ ಎಂದು ಅಂಗಡಿಯವರನ್ನು ದೂರುತ್ತಾರೆ, ಇಲ್ಲವೇ ಇನ್ನೊಂದು ಹಿಡಿ ಸೋಪಿನ ಪುಡಿ ಸುರಿಯುತ್ತಾರೆ. ಕಲಬೆರಕೆ ಇರಲಾರದು ಎಂದಲ್ಲ, ಆದರೆ ಅದನ್ನು ಪರೀಕ್ಷೆಯ ಕೊನೆಯಲ್ಲಿ ಹೇಳಬೇಕೇ ಹೊರತು ಆರಂಭದಲ್ಲಿ ಅಲ್ಲ. ಎಣ್ಣೆಯ ಹನಿಗೂ ನೀರಿಗೂ ನಡುವೆ ಇರುವ ಗಡಿಯನ್ನು ಕಾಯಬೇಕಾದ ಅಣುಗಳು ಅಲ್ಲಿಗೆ ತಲುಪಲಿಲ್ಲವೋ, ತಲುಪುವ ಮೊದಲೇ ಬೇರೆಡೆ ಖರ್ಚಾದವೋ, ತಲುಪಿದ ಮೇಲೆ ಕದಲಿದವೋ ಎಂಬುದನ್ನು ಪತ್ತೆ ಮಾಡಿದರೆ ಪರಿಹಾರ ತಾನಾಗಿಯೇ ತಿಳಿಯುತ್ತದೆ.

ಗಡಿಯಲ್ಲಿ ನಡೆಯುವುದೇನು

ನೀರಿನ ಅಣುಗಳು ಒಂದನ್ನೊಂದು ಬಲವಾಗಿ ಸೆಳೆದುಕೊಂಡಿರುತ್ತವೆ, ಎಣ್ಣೆಯ ಅಣುಗಳೊಂದಿಗೆ ಅವಕ್ಕೆ ಅಂಥ ನಂಟು ಸಿಗುವುದಿಲ್ಲ. ಹಾಗಾಗಿ ಎರಡು ದ್ರವಗಳು ತಾಗುವ ಜಾಗದಲ್ಲಿ ಗಡಿಯನ್ನು ಆದಷ್ಟು ಕಿರಿದಾಗಿಸುವ ಎಳೆತವೊಂದು ಸದಾ ಇರುತ್ತದೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ನೀರು ಮತ್ತು ಗಾಳಿಯ ನಡುವೆ ಈ ಎಳೆತ ಮೀಟರಿಗೆ ಸುಮಾರು 72 ಮಿಲಿನ್ಯೂಟನ್ ಇರುತ್ತದೆ. ನೀರು ಮತ್ತು ಹೆಕ್ಸೇನ್‌ನಂಥ ಶುದ್ಧ ಹೈಡ್ರೋಕಾರ್ಬನ್ ನಡುವೆ ಸುಮಾರು 50 ಇರುತ್ತದೆ. ಬೀಜದ ಎಣ್ಣೆಗಳಲ್ಲಿ ಬಿಡಿ ಕೊಬ್ಬಿನಾಮ್ಲಗಳು ಮೊದಲೇ ಬೆರೆತಿರುವುದರಿಂದ ಅವುಗಳ ವಿಷಯದಲ್ಲಿ ಇದು ಇನ್ನೂ ಕಡಿಮೆ. ಕೋಲಿನಿಂದ ಕಲಕಿದಾಗ ಎಣ್ಣೆ ಹನಿಗಳಾಗಿ ಒಡೆದರೂ ಕಲಕುವುದನ್ನು ನಿಲ್ಲಿಸಿದ ಕೂಡಲೇ ಆ ಹನಿಗಳು ಒಂದಕ್ಕೊಂದು ಸೇರಿ ದೊಡ್ಡವಾಗಿ ಮೇಲಕ್ಕೆ ಬರಲು ಈ ಎಳೆತವೇ ಕಾರಣ.

ಸಾಬೂನು, ಡಿಟರ್ಜೆಂಟು, ಎಣ್ಣೆ ನೀರಿನಲ್ಲಿ ಬೆರೆಯಲೆಂದು ಕೀಟನಾಶಕಕ್ಕೆ ಸೇರಿಸುವ ಎಮಲ್ಸಿಫೈಯರು, ಅಂಟುವಾಳಕಾಯಿಯ ನೊರೆ ಇವೆಲ್ಲವೂ ಸರ್ಫ್ಯಾಕ್ಟಂಟ್ ಎಂಬ ಒಂದೇ ಕುಲಕ್ಕೆ ಸೇರಿದ ಅಣುಗಳಿಂದ ಕೆಲಸ ಮಾಡುತ್ತವೆ. ಇಂಥ ಅಣುವಿನ ಒಂದು ತುದಿಗೆ ನೀರು ಒಗ್ಗುತ್ತದೆ, ಇನ್ನೊಂದು ತುದಿಗೆ ಎಣ್ಣೆ ಒಗ್ಗುತ್ತದೆ. ಆದ್ದರಿಂದ ಅದು ಗಡಿಯನ್ನು ಹುಡುಕಿಕೊಂಡು ಹೋಗಿ, ಬಾಲವನ್ನು ಎಣ್ಣೆಯೊಳಗೂ ತಲೆಯನ್ನು ನೀರಿನೊಳಗೂ ಇಟ್ಟು ನಿಲ್ಲುತ್ತದೆ. ಗಡಿ ತುಂಬಿದಂತೆಲ್ಲ ಎಳೆತ ಕೆಲವೇ ಮಿಲಿನ್ಯೂಟನ್‌ಗೆ ಇಳಿಯುವುದರಿಂದ ಕಡಿಮೆ ಶ್ರಮದಲ್ಲಿ ಸಣ್ಣ ಹನಿಗಳಾಗುತ್ತವೆ. ಆದರೆ ಹನಿ ಮಾಡುವುದಕ್ಕಿಂತ ಹನಿಯನ್ನು ಉಳಿಸುವುದು ಮುಖ್ಯ. ಸಾಬೂನಿನ ಅಣುವಾದರೆ ಅದರ ತಲೆಯಲ್ಲಿರುವ ಋಣ ವಿದ್ಯುದಂಶದಿಂದ ಹನಿಗಳು ಒಂದನ್ನೊಂದು ದೂರ ತಳ್ಳುತ್ತವೆ. ಲೇಬಲ್ ಮೇಲೆ ನಾನ್‌ಅಯಾನಿಕ್ ಎಂದು, ಅಂದರೆ ವಿದ್ಯುದಂಶವಿಲ್ಲದ್ದು ಎಂದು, ಬರೆದಿರುವ ಬಗೆಯಾದರೆ, ನೀರನ್ನು ಹಿಡಿದುಕೊಂಡ ಉದ್ದನೆಯ ಸರಪಳಿಗಳು ಹನಿಯ ಸುತ್ತ ಒತ್ತಾಗಿ ನಿಂತು ಇನ್ನೊಂದು ಹನಿ ಹತ್ತಿರ ಬರದಂತೆ ತಡೆಯುತ್ತವೆ. ಈ ಎರಡು ಬಗೆಗಳ ಬಲವೂ ಬೇರೆ, ದೌರ್ಬಲ್ಯವೂ ಬೇರೆ. ಮುಂದೆ ಬರುವ ಪರೀಕ್ಷೆಗಳೆಲ್ಲ ಈ ವ್ಯತ್ಯಾಸವನ್ನೇ ಅವಲಂಬಿಸಿವೆ.

ಇನ್ನೊಂದು ಗುಣವನ್ನೂ ಇಲ್ಲೇ ಹೇಳಬೇಕು. ಎರಡು ಹನಿಗಳು ಒತ್ತಿಕೊಂಡಾಗ ನಡುವಿನ ನೀರಿನ ತೆಳು ಪೊರೆ ಹಿಗ್ಗಿ ಒಂದು ಜಾಗದಲ್ಲಿ ಸರ್ಫ್ಯಾಕ್ಟಂಟ್ ವಿರಳವಾಗುತ್ತದೆ. ಅಲ್ಲಿ ಎಳೆತ ಹೆಚ್ಚಾಗುವುದರಿಂದ ಸುತ್ತಲಿನ ಅಣುಗಳು ಆ ಕಡೆಗೆ ಸರಿಯುತ್ತವೆ, ಸರಿಯುವಾಗ ತಮ್ಮೊಂದಿಗೆ ನೀರನ್ನೂ ಎಳೆದುಕೊಂಡು ಹೋಗಿ ಪೊರೆಯನ್ನು ಮತ್ತೆ ದಪ್ಪ ಮಾಡುತ್ತವೆ. ಇಟಲಿಯ ಭೌತವಿಜ್ಞಾನಿ ಕಾರ್ಲೊ ಮರಂಗೋನಿ ಅವರ ಹೆಸರಿನಿಂದ ಇದನ್ನು ಮರಂಗೋನಿ ಪರಿಣಾಮ ಎಂದು ಕರೆಯುತ್ತಾರೆ. ಗಾಯ ತಾನೇ ಮಾಯುವ ಹಾಗೆ ಗಡಿ ತನ್ನನ್ನು ತಾನೇ ಸರಿಪಡಿಸಿಕೊಳ್ಳುವ ಈ ಗುಣ ಇಲ್ಲದಿದ್ದರೆ ಯಾವ ಎಮಲ್ಷನ್ನೂ (ನೀರಿನಲ್ಲಿ ಎಣ್ಣೆಯ ಹನಿಗಳು ಹರಡಿ ನಿಂತ ಮಿಶ್ರಣ) ಹೊಲದವರೆಗೆ ಉಳಿಯುತ್ತಿರಲಿಲ್ಲ.

ಮೊದಲ ಪ್ರಶ್ನೆ: ಬಾಟಲಿಯಲ್ಲಿ ಇರುವುದೇನು

ಗಾಣದಿಂದ ತಂದ ಬೇವಿನ ಎಣ್ಣೆಯೂ, ಅಂಗಡಿಯಲ್ಲಿ ಸಿಗುವ ಬೇವಿನ ಇ.ಸಿ. (ನೀರಿಗೆ ಹಾಕಿದರೆ ತಾನೇ ಬೆರೆಯುವಂತೆ ತಯಾರಿಸಿದ ಸಾಂದ್ರ) ಔಷಧಿಯೂ ಒಂದೇ ಎಂದು ತಿಳಿದು ಆಗುವ ತಪ್ಪುಗಳು ಬಹಳ. ಗಾಣದ ಎಣ್ಣೆಯಲ್ಲಿ ಎಮಲ್ಸಿಫೈಯರ್ ಇರುವುದಿಲ್ಲ, ನಾವೇ ಸೇರಿಸಬೇಕು. ಅಜಾಡಿರಾಕ್ಟಿನ್ (ಬೇವಿನಲ್ಲಿರುವ ಕೀಟನಾಶಕ ಅಂಶ) 300, 1500 ಅಥವಾ 10000 ಪಿಪಿಎಂ ಎಂದು ಮುದ್ರಿಸಿರುವ ಇ.ಸಿ. ಬಾಟಲಿಯಲ್ಲಿ ಅದು ಮೊದಲೇ ಬೆರೆತಿರುತ್ತದೆ. ಇ.ಸಿ. ಔಷಧಿಗಳಲ್ಲಿ ಸಾಮಾನ್ಯವಾಗಿ ಬಳಸುವ ಜೋಡಿ ಎಂದರೆ ಎಣ್ಣೆಯಲ್ಲಿ ಕರಗುವ ಕ್ಯಾಲ್ಸಿಯಂ ಡೊಡೆಸೈಲ್ ಬೆಂಜೀನ್ ಸಲ್ಫೊನೇಟ್ ಮತ್ತು ಔಡಲ ಎಣ್ಣೆಯಿಂದ ತಯಾರಿಸಿದ ನಾನ್‌ಅಯಾನಿಕ್ ಎಥಾಕ್ಸಿಲೇಟ್. ಇವೆರಡರ ಪ್ರಮಾಣವನ್ನು ತಯಾರಕರು ತೂಗಿ ಹೊಂದಿಸಿರುತ್ತಾರೆ. ಇಂಥ ಔಷಧಿಗೆ ಮೇಲಿಂದ ಸಾಬೂನು ಸೇರಿಸಿದರೆ ಆ ಹೊಂದಾಣಿಕೆ ಕೆಡುತ್ತದೆ. ಆದ್ದರಿಂದ ಬಾಟಲಿ ಇ.ಸಿ. ಆಗಿದ್ದು ಸಾಬೂನನ್ನೂ ಹಾಕಿದ್ದರೆ, ಸಾಬೂನು ಬಿಟ್ಟು ಮತ್ತೊಮ್ಮೆ ಬೆರೆಸಿ ನೋಡುವುದೇ ಮೊದಲ ಪರೀಕ್ಷೆ. ಬಾಟಲಿಯ ಅವಧಿ ಮುಗಿದಿದೆಯೇ, ಒಳಗೆ ಪದರಗಳಾಗಿವೆಯೇ, ಮುಚ್ಚಳ ಸಡಿಲವಾಗಿ ನೀರು ಸೇರಿದೆಯೇ ಎಂಬುದನ್ನೂ ಈಗಲೇ ನೋಡಿಕೊಳ್ಳಬೇಕು.

ಎರಡು ಬಾಟಲಿಗಳ ಪರೀಕ್ಷೆ

ಪಂಪಿನೊಳಗೆ ಏನಾಗುತ್ತಿದೆ ಎಂಬುದು ಹೊರಗಿನಿಂದ ಕಾಣುವುದಿಲ್ಲ. ಹಾಗಾಗಿ ಯಾವ ತೀರ್ಮಾನಕ್ಕೂ ಮೊದಲು ಪಾರದರ್ಶಕ ಬಾಟಲಿಯಲ್ಲಿ ಬೆರೆಸಿ ನೋಡಲೇಬೇಕು. ಒಂದೇ ಗಾತ್ರದ ಎರಡು ಸ್ವಚ್ಛ ಬಾಟಲಿಗಳಿಗೆ ಅರ್ಧರ್ಧ ಲೀಟರ್ ನೀರು ತುಂಬಬೇಕು. ಒಂದಕ್ಕೆ ಹೊಲದಲ್ಲಿ ಬಳಸುವ ಬೋರಿನ ನೀರು, ಇನ್ನೊಂದಕ್ಕೆ ಊರಿನ ಶುದ್ಧ ಕುಡಿಯುವ ನೀರಿನ ಘಟಕದ ನೀರು. ಲೀಟರಿಗೆ 5 ಮಿ.ಲೀ. ಲೆಕ್ಕದಲ್ಲಿ ಎರಡಕ್ಕೂ ಎರಡೂವರೆ ಮಿ.ಲೀ. ಔಷಧಿಯನ್ನು ಸಿರಿಂಜಿನಿಂದ ಅಳೆದು ಹಾಕಬೇಕು. ಗಾಣದ ಎಣ್ಣೆಯಾದರೆ ಪಂಪಿಗೆ ಬಳಸುವ ಪ್ರಮಾಣದಲ್ಲೇ ಸಾಬೂನನ್ನೋ ಎಮಲ್ಸಿಫೈಯರನ್ನೋ ಸೇರಿಸಿರಬೇಕು.

ಮೊದಲ ಹನಿ ನೀರಿಗೆ ಬೀಳುವುದನ್ನು ಬೆಳಕಿಗೆ ಎದುರಾಗಿ ಹಿಡಿದು ನೋಡಬೇಕು. ಒಳ್ಳೆಯ ಇ.ಸಿ. ಆಗಿದ್ದರೆ ಹನಿ ನೀರನ್ನು ಮುಟ್ಟಿದ ಕೂಡಲೇ ಅಂಚುಗಳಿಂದ ಬಿಳಿ ಎಳೆಗಳು ಹೊರಟು, ಕೆಳಕ್ಕೂ ಪಕ್ಕಕ್ಕೂ ಹರಡಿ, ಕಲಕದೆಯೇ ಅರಳುತ್ತದೆ. ಬಿಳುಪಿನ ಅಂಚಿನಲ್ಲಿ ನಸು ನೀಲಿ ಛಾಯೆ ಕಂಡರೆ ಹನಿಗಳು ತೀರಾ ಸಣ್ಣವಾಗಿವೆ ಎಂದರ್ಥ. ಹನಿ ಅರಳದೆ ಹಳದಿ ಗೋಲಿಯಾಗಿಯೇ ಮೇಲೆ ಬಂದು ನಿಂತರೆ, ಗಡಿಗೆ ಸರ್ಫ್ಯಾಕ್ಟಂಟ್ ತಲುಪಿಯೇ ಇಲ್ಲ. ಆಮೇಲೆ ಎರಡೂ ಬಾಟಲಿಗಳನ್ನು ಸಮನಾಗಿ ತಲೆಕೆಳಗು ಮಾಡಿ ಬೆರೆಸಿ, ಅರ್ಧ ಗಂಟೆಯ ನಂತರ ಒಮ್ಮೆ, ಎರಡು ಗಂಟೆಯ ನಂತರ ಒಮ್ಮೆ, ಮರುದಿನ ಒಮ್ಮೆ ನೋಡಬೇಕು. ಎರಡೂ ಬಾಟಲಿಗಳು ಒಂದೇ ರೀತಿ ಒಡೆದರೆ ಸಂಶಯ ಔಷಧಿಯ ಮೇಲೆ ಅಥವಾ ಬೆರೆಸುವ ಕ್ರಮದ ಮೇಲೆ ಬೀಳುತ್ತದೆ. ಘಟಕದ ನೀರಿನಲ್ಲಿ ಚೆನ್ನಾಗಿದ್ದು ಬೋರಿನ ನೀರಿನಲ್ಲಿ ಮಾತ್ರ ಒಡೆದರೆ ದೋಷ ನೀರಿನದು. ಈ ಮೂರು ಜಿಲ್ಲೆಗಳಲ್ಲಿ ಬೋರನ್ನು ನೆಚ್ಚಿಕೊಂಡ ಹೊಲಗಳಿಗೆ ಎರಡನೆಯ ಸಾಧ್ಯತೆಯನ್ನೇ ನಾನು ಮೊದಲು ಶಂಕಿಸುತ್ತೇನೆ. ತುಂಗಭದ್ರಾ ನಾಲೆಯ ನೀರು ಸಿಗುವ ಕಡೆ ಸರಿಯಾಗಿ ಬೆರೆಯುವ ಅದೇ ಔಷಧಿ, ನಾಲೆಯ ನೀರು ತಲುಪದ ಕೊನೆ ಭಾಗದ ಹೊಲಗಳಲ್ಲಿ ಬೋರಿನ ನೀರಿಗೆ ಒಡೆಯುವುದರಲ್ಲಿ ಆಶ್ಚರ್ಯವಿಲ್ಲ.

ಎಮಲ್ಷನ್ ಒಡೆಯುವುದಕ್ಕೂ ಕೆನೆ ಕಟ್ಟುವುದಕ್ಕೂ ಇರುವ ವ್ಯತ್ಯಾಸವನ್ನು ಇಲ್ಲಿ ಗಮನವಿಟ್ಟು ಗುರುತಿಸಬೇಕು, ಏಕೆಂದರೆ ಕೆನೆ ಕಂಡ ಕೂಡಲೇ ಔಷಧಿ ಕೆಟ್ಟಿತೆಂದು ಚೆಲ್ಲುವವರಿದ್ದಾರೆ. ಎಣ್ಣೆ ನೀರಿಗಿಂತ ಹಗುರವಾದ್ದರಿಂದ ಹನಿಗಳು ಮೇಲಕ್ಕೆ ಏರಲೇಬೇಕು. ಏರುವ ವೇಗ ಹನಿಯ ವ್ಯಾಸದ ವರ್ಗಕ್ಕೆ ಅನುಗುಣವಾಗಿರುತ್ತದೆ. ಬೇವಿನ ಎಣ್ಣೆಗೂ ನೀರಿಗೂ ಇರುವ ಸಾಂದ್ರತೆಯ ವ್ಯತ್ಯಾಸವನ್ನು ಇಟ್ಟು ಲೆಕ್ಕ ಹಾಕಿದರೆ, 10 ಮೈಕ್ರಾನ್ ವ್ಯಾಸದ ಹನಿ ಗಂಟೆಗೆ ಸುಮಾರು ಒಂದೂವರೆ ಸೆಂಟಿಮೀಟರ್ ಏರುತ್ತದೆ, 100 ಮೈಕ್ರಾನಿನ ಹನಿ ಒಂದೇ ನಿಮಿಷದಲ್ಲಿ ಎರಡೂವರೆ ಸೆಂಟಿಮೀಟರ್ ಏರುತ್ತದೆ. ಎರಡು ಗಂಟೆಯ ನಂತರ ಮೇಲೆ ಬಿಳಿ ಪದರ ಕಂಡು, ಬಾಟಲಿಯನ್ನು ನಾಲ್ಕಾರು ಸಲ ತಿರುಗಿಸಿದಾಗ ಮೊದಲಿನಂತೆ ಬೆಳ್ಳಗಾದರೆ ಅದು ಬರೀ ಕೆನೆ. ಗಡಿಗಳು ಹಾಗೆಯೇ ಉಳಿದಿವೆ, ಪಂಪನ್ನು ಆಗಾಗ ಅಲುಗಿಸುತ್ತಾ ಸಿಂಪಡಿಸಿದರೆ ಸಾಕು. ತಿರುಗಿಸಿದ ಮೇಲೂ ಹಳದಿ ಎಣ್ಣೆಯ ಪಸೆ ಗಾಜಿಗೆ ಅಂಟಿಕೊಂಡು, ಕಣ್ಣಿಗೆ ಕಾಣುವ ಹನಿಗಳಾಗಿ ತೇಲಿದರೆ ಹನಿಗಳು ಕೂಡಿಹೋಗಿವೆ. ಅದೇ ನಿಜವಾದ ದೋಷ.

ಬಿಳಿ ಗಸಿ ಕಟ್ಟಿದರೆ: ಗಡಸು ನೀರು

ಸಾಬೂನು ಬಳಸಿದವರ ಪಂಪಿನಲ್ಲಿ ಅತಿ ಸಾಮಾನ್ಯವಾಗಿ ಕಾಣುವ ದೋಷ ಇದು. ಬೆಳ್ಳಗಿದ್ದ ದ್ರವದಲ್ಲಿ ಸಣ್ಣ ಬಿಳಿ ಚೂರುಗಳು ಹುಟ್ಟಿ, ಮೇಲೆ ಗಸಿ ಕಟ್ಟಿ, ನಾಜಲ್ಲಿನ ಹಿಂದಿರುವ ಜಾಲರಿಗೆ ಬೂದು ಬಣ್ಣದ ಜಿಡ್ಡು ಮೆತ್ತಿಕೊಳ್ಳುತ್ತದೆ. ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಅಯಾನುಗಳು ಎರಡೆರಡು ಸಾಬೂನಿನ ಅಣುಗಳನ್ನು ಹಿಡಿದು, ನೀರಿನಲ್ಲಿ ಕರಗದ ಕ್ಯಾಲ್ಸಿಯಂ ಸಾಬೂನನ್ನು ಮಾಡುತ್ತವೆ. ಗಡಿಗೆ ಹೋಗಬೇಕಿದ್ದ ಅಣುಗಳು ಅಲ್ಲಿಗೆ ತಲುಪುವ ಮೊದಲೇ ಮುಗಿದುಹೋಗುತ್ತವೆ.

ಎಷ್ಟು ಮುಗಿಯುತ್ತವೆ ಎಂಬುದನ್ನು ಲೆಕ್ಕ ಹಾಕಿ ನೋಡಿದರೆ ವಿಷಯ ಮನದಟ್ಟಾಗುತ್ತದೆ. 15 ಲೀಟರ್ ಪಂಪಿಗೆ 75 ಮಿ.ಲೀ. ಎಣ್ಣೆ ಹಾಕಿ, ಅದೆಲ್ಲವೂ 2 ಮೈಕ್ರಾನ್ ವ್ಯಾಸದ ಹನಿಗಳಾಯಿತು ಎಂದುಕೊಳ್ಳೋಣ. ಆ ಹನಿಗಳ ಒಟ್ಟು ಮೇಲ್ಮೈ 225 ಚದರ ಮೀಟರ್, ಅಂದರೆ ಎರಡು ಗುಂಟೆಗೂ ಹೆಚ್ಚು. ಇಷ್ಟು ವಿಸ್ತಾರವಾದ ಗಡಿಯನ್ನು ಒಂದೇ ಪದರದಲ್ಲಿ ಮುಚ್ಚಲು ಬೇಕಾಗುವ ಸಾಬೂನು ಬರೀ ಕಾಲು ಗ್ರಾಮಿನಷ್ಟು. ನೀರಿನಲ್ಲೇ ಕರಗಿ ಉಳಿಯುವ ಪಾಲನ್ನು ಸೇರಿಸಿದರೂ ಕೆಲವು ಗ್ರಾಂ ಸಾಕು. ಈಗ ಅದೇ ನೀರಿನ ಗಡಸುತನ ಲೀಟರಿಗೆ 500 ಮಿಲಿಗ್ರಾಂ ಇದ್ದರೆ, ಕ್ಯಾಲ್ಸಿಯಂ ಹಿಡಿದುಕೊಳ್ಳುವ ಸಾಬೂನು ಲೀಟರಿಗೆ 3 ಗ್ರಾಂ. ಪಂಪಿಗೆ 45 ಗ್ರಾಂ. ಲೀಟರಿಗೆ ಒಂದು ಗ್ರಾಂ ಲೆಕ್ಕದಲ್ಲಿ ಸಾಬೂನು ಹಾಕಿದವರಿಗೆ ಗಡಿಯ ಪಾಲಿಗೆ ಏನೂ ಉಳಿದಿರುವುದಿಲ್ಲ. ಭಾರತೀಯ ಮಾನಕ ಬ್ಯೂರೊ ಕುಡಿಯುವ ನೀರಿಗೆ 200 ಮಿಲಿಗ್ರಾಂ ಗಡಸುತನವನ್ನು ಸ್ವೀಕಾರಾರ್ಹ ಎಂದೂ, ಬೇರೆ ಮೂಲ ಇಲ್ಲದಿದ್ದರೆ 600ರವರೆಗೆ ಒಪ್ಪಬಹುದೆಂದೂ ಹೇಳುತ್ತದೆ. ಎಂದರೆ ಕುಡಿಯಲು ನಡೆಯುವ ನೀರೂ ಸಾಬೂನಿನ ಎಮಲ್ಷನ್ನಿಗೆ ನಡೆಯದೆ ಇರಬಹುದು. ಇ.ಸಿ. ಔಷಧಿಗಳ ಸ್ಥಿರತೆಯನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸುವಾಗ ಬಳಸುವ ಪ್ರಮಾಣಿತ ಗಡಸು ನೀರಿನ ಮಟ್ಟ 342 ಮಿಲಿಗ್ರಾಂ. ಬೋರಿನ ನೀರು ಅದನ್ನು ಬಹಳ ಮೀರಿದ್ದರೆ ಒಳ್ಳೆಯ ಇ.ಸಿ. ಕೂಡ ಒಡೆಯಬಹುದು.

ಗಡಸುತನ ಗುರುತಿಸಲು ಮನೆಯಲ್ಲೇ ಸಾಧ್ಯವಾಗುವ ಪರೀಕ್ಷೆ ಸಾಬೂನಿನ ನೊರೆಯದು. ಘಟಕದ ನೀರಿನಲ್ಲಿ ಸ್ವಲ್ಪ ಸಾಬೂನು ಕರಗಿಸಿ ಇಟ್ಟುಕೊಂಡು, ಒಂದು ಬಾಟಲಿಯಲ್ಲಿ ಬೋರಿನ ನೀರು, ಇನ್ನೊಂದರಲ್ಲಿ ಘಟಕದ ನೀರನ್ನು ಸಮನಾಗಿ ತೆಗೆದುಕೊಂಡು, ಹನಿ ಹನಿಯಾಗಿ ಸಾಬೂನಿನ ನೀರು ಹಾಕಿ ಕುಲುಕುತ್ತಾ, ಎರಡು ನಿಮಿಷ ನಿಲ್ಲುವ ನೊರೆ ಬರಲು ಯಾವುದಕ್ಕೆ ಎಷ್ಟು ಹನಿ ಬೇಕಾಯಿತು ಎಂದು ಎಣಿಸಬೇಕು. ಈ ಪರೀಕ್ಷೆಗೆ ಮೈಸಾಬೂನನ್ನೇ ಬಳಸಬೇಕು, ಡಿಟರ್ಜೆಂಟ್ ಬಳಸಿದರೆ ವ್ಯತ್ಯಾಸ ಕಾಣುವುದಿಲ್ಲ. ತೊಗರಿಬೇಳೆ ಬೇಗ ಬೇಯದ ನೀರು ಎಂದು ಮನೆಯಲ್ಲಿ ಹೆಂಗಸರು ಹೇಳಿದ್ದರೆ ಅದನ್ನೂ ಸಾಕ್ಷಿಯಾಗಿ ಪರಿಗಣಿಸಬಹುದು. ಅದಕ್ಕೂ ಕ್ಯಾಲ್ಸಿಯಂ ಕಾರಣ.

ಟಿಡಿಎಸ್ ಮೀಟರನ್ನು ನಂಬಿ ಗಡಸುತನವನ್ನು ತೀರ್ಮಾನಿಸಬಾರದು. ಅದು ನೀರಿನಲ್ಲಿರುವ ಲವಣಗಳ ಒಟ್ಟು ಪ್ರಮಾಣದ ಅಂದಾಜನ್ನು ಮಾತ್ರ ಹೇಳುತ್ತದೆ. ಸವಳು ಭೂಮಿಯ ನೀರಿನಲ್ಲಿ ಸೋಡಿಯಂ ಹೆಚ್ಚಿದ್ದು ಕ್ಯಾಲ್ಸಿಯಂ ಕಡಿಮೆ ಇರುವುದುಂಟು. ಅಂಥ ನೀರಿನಲ್ಲಿ ಸಾಬೂನು ಗಸಿ ಕಟ್ಟುವುದಿಲ್ಲ, ಆದರೆ ಲವಣವು ಹನಿಗಳ ವಿದ್ಯುದಂಶವನ್ನು ಮರೆಮಾಡುವುದರಿಂದ ಹನಿಗಳು ಹತ್ತಿರ ಬಂದು ಕೂಡುತ್ತವೆ. ಹೀಗಾಗಿ ಗಸಿಯಿಲ್ಲದೆ ಎಣ್ಣೆ ಬೇರ್ಪಟ್ಟರೆ ಸವಳು, ಗಸಿಯೊಂದಿಗೆ ಬೇರ್ಪಟ್ಟರೆ ಗಡಸು ಎಂದು ಸ್ಥೂಲವಾಗಿ ಹೇಳಬಹುದು.

ಜಾಲರಿಯ ಜಿಡ್ಡು ಏನು ಹೇಳುತ್ತದೆ

ನಾಜಲ್ ಬಿಚ್ಚಿ ಜಾಲರಿಯ ಮೇಲಿನ ಜಿಡ್ಡನ್ನು ತೊಳೆದುಹಾಕುವ ಮೊದಲು ಅದನ್ನು ಒಂದು ತಟ್ಟೆಯ ಮೇಲೆ ಕೆರೆದು ತೆಗೆದುಕೊಳ್ಳಬೇಕು. ಅದರ ಮೇಲೆ ನಿಂಬೆರಸ ಹಿಂಡಿದಾಗ ಗುಳ್ಳೆಗಳೆದ್ದರೆ ಅದರಲ್ಲಿ ಕಾರ್ಬೊನೇಟ್ ಇದೆ. ಸೋಡಾ ಹಾಕಿದ ಗಡಸು ನೀರಿನಿಂದ, ಅಥವಾ ಬಟ್ಟೆ ಸೋಪಿನ ಬಿಲ್ಲೆಯಿಂದ ಬಂದಿರಬೇಕು, ಏಕೆಂದರೆ ಡಿಟರ್ಜೆಂಟ್ ಬಿಲ್ಲೆಗಳಲ್ಲಿ ತೂಕಕ್ಕಾಗಿ ಕ್ಯಾಲ್ಸೈಟ್ ಮತ್ತು ಜೇಡಿಪುಡಿಯನ್ನು ತುಂಬಿರುತ್ತಾರೆ. ಗುಳ್ಳೆಯೇಳದೆ, ಬಿಸಿನೀರಿನ ತಟ್ಟೆಯ ಮೇಲಿಟ್ಟು ಸ್ವಲ್ಪ ಹೊತ್ತು ಕಾದಾಗ ಎಣ್ಣೆಯ ಪಸೆ ಬಿಟ್ಟರೆ ಅದು ಕ್ಯಾಲ್ಸಿಯಂ ಸಾಬೂನು. ನಿಂಬೆಯ ಆಮ್ಲ ಕ್ಯಾಲ್ಸಿಯಂ ಅನ್ನು ಕಿತ್ತುಕೊಂಡಾಗ ಕೊಬ್ಬಿನಾಮ್ಲ ಬಿಡುಗಡೆಯಾಗುತ್ತದೆ. ಯಾವುದಕ್ಕೂ ಬದಲಾಗದೆ ಬೆರಳಿಗೆ ನುಣುಪಾಗಿಯೋ ಮರಳು ಮರಳಾಗಿಯೋ ಹತ್ತಿದರೆ ಮಣ್ಣು.

ಮಣ್ಣಿನ ವಿಷಯವನ್ನು ಹಗುರವಾಗಿ ಕಾಣಬಾರದು. ಮಳೆಗಾಲದಲ್ಲಿ ನಾಲೆಯ ಮತ್ತು ಕೃಷಿ ಹೊಂಡದ ನೀರು ಎರೆಮಣ್ಣಿನಿಂದ ಕದಡಿರುತ್ತದೆ. ಎರೆಮಣ್ಣಿನ ಜೇಡಿ ಕಣಗಳ ಮೇಲ್ಮೈ ತೂಕಕ್ಕೆ ಹೋಲಿಸಿದರೆ ಬಹಳ ವಿಶಾಲ. ನಾನ್‌ಅಯಾನಿಕ್ ಸರ್ಫ್ಯಾಕ್ಟಂಟ್‌ಗಳು ಅದಕ್ಕೆ ಸುಲಭವಾಗಿ ಅಂಟಿಕೊಂಡು ಗಡಿಗೆ ಸಿಗದಂತಾಗುತ್ತವೆ. ಜೊತೆಗೆ, ಎಣ್ಣೆಗೂ ನೀರಿಗೂ ಅರೆಬರೆ ಒಗ್ಗುವ ಸೂಕ್ಷ್ಮ ಕಣಗಳು ತಾವೇ ಗಡಿಯ ಮೇಲೆ ಕುಳಿತು ದಪ್ಪ ಹನಿಗಳನ್ನು ಒಡೆಯದಂತೆ ಹಿಡಿದಿಡಬಲ್ಲವು. 1907ರಲ್ಲಿ ಇದರ ಬಗ್ಗೆ ಬರೆದ ಸ್ಪೆನ್ಸರ್ ಪಿಕರಿಂಗ್ ಇಂಗ್ಲೆಂಡಿನ ವೋಬರ್ನ್ ಪ್ರಾಯೋಗಿಕ ಹಣ್ಣಿನ ತೋಟದಲ್ಲಿ ಕೆಲಸ ಮಾಡುತ್ತಿದ್ದವರು. ಕಣಗಳು ಕಾಯುವ ಇಂಥ ಎಮಲ್ಷನ್‌ಗಳಿಗೆ ಇಂದಿಗೂ ಅವರ ಹೆಸರೇ ಇದೆ. ತೋಟದ ಕೆಲಸದೊಂದಿಗೆ ಬೆಳೆದ ಈ ತಿಳಿವಳಿಕೆ ನಮ್ಮ ಹೊಲಗಳಿಗೂ ನೇರವಾಗಿ ಸಲ್ಲುತ್ತದೆ ಎಂಬುದು ನನಗೆ ಬಹಳ ಮುಖ್ಯವೆನಿಸುತ್ತದೆ. ಕದಡಿದ ನೀರನ್ನು ಹಿಂದಿನ ರಾತ್ರಿಯೇ ಡ್ರಮ್ಮಿನಲ್ಲಿ ತುಂಬಿಟ್ಟು, ತಿಳಿಯಾದ ಮೇಲಿನ ಭಾಗವನ್ನು ದಪ್ಪ ಬಟ್ಟೆಯಲ್ಲಿ ಸೋಸಿ ಬಳಸಬೇಕು.

ಬೆಳಿಗ್ಗೆ ಸರಿಯಿದ್ದು ಮಧ್ಯಾಹ್ನ ಒಡೆದರೆ

ಇದು ಬಿಸಿಲಿನ ದೋಷ, ಮತ್ತು ರಾಯಚೂರಿನ ಬೇಸಿಗೆಯಲ್ಲಿ ಇದನ್ನು ಮರೆಯುವಂತಿಲ್ಲ. ನಾನ್‌ಅಯಾನಿಕ್ ಅಣುವಿನ ತಲೆ ಎಂದರೆ ಎಥಿಲೀನ್ ಆಕ್ಸೈಡಿನ ಸರಪಳಿ. ಅದು ನೀರನ್ನು ಹಿಡಿದುಕೊಂಡಿರುವ ಬಂಧಗಳು ಬಿಸಿಯೇರಿದಂತೆ ಸಡಿಲಗೊಳ್ಳುತ್ತವೆ. ನಿರ್ದಿಷ್ಟ ಉಷ್ಣಾಂಶ ದಾಟಿದ ಮೇಲೆ ಅಣು ನೀರನ್ನು ಬಿಟ್ಟು ಎಣ್ಣೆಯ ಕಡೆಗೆ ವಾಲುತ್ತದೆ. ಗಡಿಯ ಕಾವಲು ಅಲ್ಲಿಗೆ ಮುರಿಯುತ್ತದೆ. ನೀರಿನಲ್ಲಿ ಲವಣ ಹೆಚ್ಚಿದ್ದಷ್ಟೂ ಈ ಉಷ್ಣಾಂಶ ಕೆಳಗಿಳಿಯುವುದರಿಂದ ಸವಳು ನೀರೂ ಬಿಸಿಲೂ ಕೂಡಿದಾಗ ತೊಂದರೆ ಇಮ್ಮಡಿಯಾಗುತ್ತದೆ. ಖಚಿತಪಡಿಸಿಕೊಳ್ಳಲು ಒಂದೇ ಮಿಶ್ರಣವನ್ನು ಎರಡು ಬಾಟಲಿಗೆ ಹಾಕಿ, ಒಂದನ್ನು ಬೇವಿನ ಮರದ ನೆರಳಿನಲ್ಲೂ ಇನ್ನೊಂದನ್ನು ಬಿಸಿಲಿನಲ್ಲೂ ಇಟ್ಟು ನೋಡಿದರೆ ಸಾಕು. ಬಿಸಿಲಿನ ಬಾಟಲಿ ಮಾತ್ರ ಒಡೆದರೆ, ಕಪ್ಪು ಪೈಪಿನಲ್ಲಿ ನಿಂತು ಕಾದ ಮೊದಲ ನೀರನ್ನು ಹೊರಗೆ ಬಿಟ್ಟು, ತಣ್ಣನೆಯ ನೀರಿನಲ್ಲಿ ಬೆರೆಸಿ, ಸಂಜೆ ಸಿಂಪಡಿಸಬೇಕು. ಸಂಜೆಯ ಸಿಂಪಡಣೆಗೆ ಬೇರೆ ಕಾರಣಗಳೂ ಇವೆ: ಅಜಾಡಿರಾಕ್ಟಿನ್ ಬಿಸಿಲಿಗೆ ಬೇಗ ಹಾಳಾಗುತ್ತದೆ, ಜೇನುನೊಣಗಳೂ ಆ ಹೊತ್ತಿಗೆ ಗೂಡಿಗೆ ಮರಳಿರುತ್ತವೆ. ಚಳಿಗಾಲದ ಬೆಳಿಗ್ಗೆ ಇದಕ್ಕೆ ವಿರುದ್ಧವಾದುದು ಕಾಣುತ್ತದೆ. ಗಾಣದ ಎಣ್ಣೆ ಮಂದವಾಗಿ, ಭಾಗಶಃ ಹೆಪ್ಪುಗಟ್ಟಿ ಹನಿಗಳಾಗುವುದೇ ಇಲ್ಲ. ಬಾಟಲಿಯನ್ನು ಸ್ವಲ್ಪ ಹೊತ್ತು ಉಗುರುಬೆಚ್ಚಗಿನ ನೀರಿನಲ್ಲಿಟ್ಟರೆ ಸರಿಹೋಗುತ್ತದೆ.

ಬೆಣ್ಣೆಯಷ್ಟು ಗಟ್ಟಿಯಾದರೆ

ಕೆಲವೊಮ್ಮೆ ಬಕೆಟ್ಟಿನಲ್ಲಿ ಎಣ್ಣೆ, ಸಾಬೂನು ಮತ್ತು ಸ್ವಲ್ಪ ನೀರನ್ನು ಕಲಸುವಾಗ ಮಿಶ್ರಣ ದಪ್ಪಗಾಗಿ, ಮುಂದೆ ಎಷ್ಟು ನೀರು ಹಾಕಿದರೂ ಕರಗದೆ ಮುದ್ದೆಯಾಗಿ ತೇಲುತ್ತದೆ. ಇಲ್ಲಿ ಗಡಿಯ ದಿಕ್ಕೇ ತಿರುಗಿದೆ: ನೀರಿನಲ್ಲಿ ಎಣ್ಣೆಯ ಹನಿಗಳಿರುವ ಬದಲು ಎಣ್ಣೆಯಲ್ಲಿ ನೀರಿನ ಹನಿಗಳು ಸೇರಿಕೊಂಡಿವೆ. ಸರ್ಫ್ಯಾಕ್ಟಂಟ್ ಯಾವ ದ್ರವದಲ್ಲಿ ಹೆಚ್ಚು ಕರಗುತ್ತದೆಯೋ ಆ ದ್ರವವೇ ಹೊರಗಿನದಾಗುತ್ತದೆ ಎಂಬುದು ಅಮೆರಿಕದ ರಸಾಯನವಿಜ್ಞಾನಿ ವೈಲ್ಡರ್ ಬ್ಯಾಂಕ್ರಾಫ್ಟ್ 1913ರಲ್ಲಿ ಹೇಳಿದ ನಿಯಮ. ಮಾಮೂಲಿ ಸಾಬೂನು ನೀರಿಗೆ ಒಲಿದದ್ದು, ಕ್ಯಾಲ್ಸಿಯಂ ಸಾಬೂನು ಎಣ್ಣೆಗೆ ಒಲಿದದ್ದು. ಆದ್ದರಿಂದ ಗಡಸು ನೀರಿನಲ್ಲಿ ಕಲಸಿದಾಗ ಹೀಗೆ ತಿರುಗುವ ಸಂಭವ ಹೆಚ್ಚು. ಪರೀಕ್ಷೆ ಸುಲಭ: ಒಂದು ಚಮಚ ಮುದ್ದೆಯನ್ನು ನೀರಿಗೂ, ಇನ್ನೊಂದು ಚಮಚವನ್ನು ಎಣ್ಣೆಗೂ ಹಾಕಿ ನೋಡಬೇಕು. ಹೊರಗಿನ ದ್ರವ ಯಾವುದೋ ಅದರಲ್ಲೇ ಅದು ಹರಡುತ್ತದೆ. ನೀರಿನಲ್ಲಿ ಹರಡದೆ ಎಣ್ಣೆಯಲ್ಲಿ ಹರಡಿದರೆ ಮಿಶ್ರಣ ತಿರುಗಿದೆ, ಅದಕ್ಕೆ ಬರೀ ನೀರು ಸುರಿದು ಪ್ರಯೋಜನವಿಲ್ಲ. ನೀರಿನಲ್ಲಿ ಚೆನ್ನಾಗಿ ಕರಗುವ ನಾನ್‌ಅಯಾನಿಕ್ ಎಮಲ್ಸಿಫೈಯರನ್ನು ಘಟಕದ ನೀರಿನಲ್ಲಿ ಕರಗಿಸಿ ಅದರೊಳಗೆ ಮುದ್ದೆಯನ್ನು ಸ್ವಲ್ಪ ಸ್ವಲ್ಪವಾಗಿ ಬೆರೆಸಿದರೆ ಕೆಲವೊಮ್ಮೆ ಉಳಿಸಿಕೊಳ್ಳಬಹುದು.

ಬೆರೆಸುವ ಕ್ರಮ

ಪದಾರ್ಥಗಳೆಲ್ಲ ಸರಿಯಿದ್ದೂ ಎಮಲ್ಷನ್ ನಿಲ್ಲದಿದ್ದರೆ ಕ್ರಮವನ್ನು ವಿಚಾರಿಸಬೇಕು. ಪಂಪಿನ ತುಂಬ ನೀರು ತುಂಬಿ, ಮೇಲೆ ಎಣ್ಣೆ ಸುರಿದು, ಕೊನೆಗೆ ಸಾಬೂನಿನ ಚೂರು ಹಾಕಿ ಕಡ್ಡಿಯಿಂದ ತಿರುವಿದರೆ ಹೊಸದಾಗಿ ಹುಟ್ಟಿದ ಹನಿಯ ಮೇಲ್ಮೈಗೆ ಸರ್ಫ್ಯಾಕ್ಟಂಟ್ ತಲುಪುವುದರೊಳಗೆ ಆ ಹನಿ ಪಕ್ಕದ ಹನಿಯೊಂದಿಗೆ ಕೂಡಿಬಿಟ್ಟಿರುತ್ತದೆ. ಅಣು ಮೊದಲೇ ಎಣ್ಣೆಯ ಬಳಿ ಸಿದ್ಧವಾಗಿರಬೇಕು. ಎಮಲ್ಸಿಫೈಯರನ್ನು ಮೊದಲು ಎಣ್ಣೆಗೇ ಸೇರಿಸಿ ಚೆನ್ನಾಗಿ ಬೆರೆಸಿ, ಆಮೇಲೆ ಸ್ವಲ್ಪ ಸ್ವಲ್ಪವಾಗಿ ನೀರು ಹಾಕುತ್ತಾ ಬಲವಾಗಿ ಕಲಕಿ, ಬೆಳ್ಳನೆಯ ಗಟ್ಟಿ ದ್ರವವಾದ ಮೇಲೆ ಪಂಪಿನ ನೀರಿಗೆ ಸುರಿಯಬೇಕು. ಸಾಬೂನಾದರೆ ಅದನ್ನು ಘಟಕದ ನೀರಿನಲ್ಲೋ ಮಳೆನೀರಿನಲ್ಲೋ ಪೂರ್ತಿ ಕರಗಿಸಿಕೊಂಡು, ಎಣ್ಣೆಯನ್ನು ಸಣ್ಣ ಧಾರೆಯಾಗಿ ಬಿಡುತ್ತಾ ಕಲಕಬೇಕು. ಕಲಕುವ ಮೊದಲ ಎರಡು ನಿಮಿಷಗಳಲ್ಲಿ ಹಾಕುವ ಶ್ರಮ ಆಮೇಲಿನ ಅರ್ಧ ಗಂಟೆಯ ಶ್ರಮಕ್ಕಿಂತ ಹೆಚ್ಚು ಫಲ ಕೊಡುತ್ತದೆ.

ಬೇರೆ ಔಷಧಿ, ಗೊಬ್ಬರ ಬೆರೆಸಿದ ಮೇಲೆ ಒಡೆದರೆ ಹೆಚ್ಚು ಹುಡುಕುವ ಅಗತ್ಯವಿಲ್ಲ. ಜಿಂಕ್ ಸಲ್ಫೇಟ್, ಮೆಗ್ನೀಸಿಯಂ ಸಲ್ಫೇಟ್, ತಾಮ್ರದ ಔಷಧಿಗಳು ಸಾಬೂನನ್ನು ಕ್ಯಾಲ್ಸಿಯಂನಂತೆಯೇ ಗಸಿಯಾಗಿಸುತ್ತವೆ. 19:19:19ರಂಥ ನೀರಿನಲ್ಲಿ ಕರಗುವ ಗೊಬ್ಬರಗಳು ಲವಣಗಳಾಗಿ ವರ್ತಿಸುತ್ತವೆ. ಕುಷ್ಟಗಿ ಕಡೆಯ ದಾಳಿಂಬೆ ತೋಟಗಳಲ್ಲಿ ದುಂಡಾಣು ಅಂಗಮಾರಿಗೆ ತಾಮ್ರದ ಔಷಧಿ ಬಳಸುವವರು ಅದೇ ಪಂಪಿಗೆ ಸಾಬೂನು ಹಾಕಿದ ಬೇವಿನ ಎಣ್ಣೆಯನ್ನು ಸೇರಿಸಲೇಬಾರದು. ಕಳೆನಾಶಕಕ್ಕೆ ಬಳಸಿದ ಪಂಪನ್ನು ಇದಕ್ಕೆ ಬಳಸಬಾರದೆಂಬುದು ಎಮಲ್ಷನ್ನಿಗಿಂತ ಬೆಳೆಯ ಜೀವಕ್ಕೆ ಸಂಬಂಧಿಸಿದ ಮಾತು, ಆದರೂ ಹೇಳಿಡುತ್ತೇನೆ.

ನೀರನ್ನು ಸರಿಪಡಿಸುವುದೋ, ಸರ್ಫ್ಯಾಕ್ಟಂಟ್ ಬದಲಿಸುವುದೋ

ಗಡಸು ನೀರಿಗೆ ವಾಷಿಂಗ್ ಸೋಡಾ ಹಾಕಿ ಕ್ಯಾಲ್ಸಿಯಂ ಅನ್ನು ಕೆಳಗಿಳಿಸಬಹುದು ಎಂಬುದು ನಿಜ. 500 ಮಿಲಿಗ್ರಾಂ ಗಡಸುತನಕ್ಕೆ 15 ಲೀಟರಿಗೆ ಸುಮಾರು 8 ಗ್ರಾಂ ಸೋಡಿಯಂ ಕಾರ್ಬೊನೇಟ್ ಬೇಕಾಗುತ್ತದೆ, ರಾತ್ರಿಯಿಡೀ ಬಿಟ್ಟು ತಿಳಿನೀರನ್ನು ಮಾತ್ರ ತೆಗೆದುಕೊಳ್ಳಬೇಕಾಗುತ್ತದೆ. ಆದರೆ ಹೀಗೆ ಮಾಡಿದ ನೀರು ಕ್ಷಾರವಾಗುತ್ತದೆ. ಅಜಾಡಿರಾಕ್ಟಿನ್ ಚೆನ್ನಾಗಿ ಉಳಿಯುವುದು ಪಿಎಚ್ 4ರಿಂದ 6ರವರೆಗಿನ ನಸು ಆಮ್ಲದಲ್ಲಿ. ಕ್ಷಾರವನ್ನು ತಗ್ಗಿಸಲೆಂದು ನಿಂಬೆರಸವನ್ನೋ ವಿನೆಗರನ್ನೋ ಹಾಕಿದರೆ ಸಾಬೂನು ಕೊಬ್ಬಿನಾಮ್ಲವಾಗಿ ಮಾರ್ಪಟ್ಟು ಗಡಿಯನ್ನು ಕೈಬಿಡುತ್ತದೆ. ಸಾಬೂನಿಗೆ ಒಗ್ಗುವ ನೀರು ಅಜಾಡಿರಾಕ್ಟಿನ್‌ಗೆ ಒಗ್ಗುವುದಿಲ್ಲ, ಅದಕ್ಕೆ ಒಗ್ಗುವ ನೀರು ಸಾಬೂನಿಗೆ ಒಗ್ಗುವುದಿಲ್ಲ. ಈ ಇಕ್ಕಟ್ಟಿನಿಂದ ಹೊರಬರುವ ಸರಿಯಾದ ದಾರಿ, ನನ್ನ ಅಭಿಪ್ರಾಯದಲ್ಲಿ, ಸಾಬೂನನ್ನೇ ಬಿಟ್ಟು ನಾನ್‌ಅಯಾನಿಕ್ ಎಮಲ್ಸಿಫೈಯರ್ ಬಳಸುವುದು. ಅದರ ತಲೆಯಲ್ಲಿ ವಿದ್ಯುದಂಶವಿಲ್ಲದ್ದರಿಂದ ಕ್ಯಾಲ್ಸಿಯಂ ಅದನ್ನು ಹಿಡಿಯುವುದಿಲ್ಲ, ನಸು ಆಮ್ಲದಲ್ಲೂ ಅದು ಕೆಲಸ ಮಾಡುತ್ತದೆ. ಅದು ಸಿಗದ ಕಡೆ ಅಂಟುವಾಳಕಾಯಿಯನ್ನು ನೆನೆಸಿ ಕಿವುಚಿ ಸೋಸಿದ ನೀರನ್ನು ಬಳಸಬಹುದು. ಅದರಲ್ಲಿ ನೊರೆ ತರುವ ಸಾಪೊನಿನ್‌ಗಳು ಗಡಸು ನೀರಿಗೆ ಸಾಬೂನಿನಷ್ಟು ಬೇಗ ಸೋಲುವುದಿಲ್ಲ, ಆದರೆ ಕಾಯಿಯಿಂದ ಕಾಯಿಗೆ ಬಲ ಬದಲಾಗುವುದರಿಂದ ಪ್ರತಿ ಸಲ ಬಾಟಲಿಯಲ್ಲಿ ಪರೀಕ್ಷಿಸಿಯೇ ಮುಂದುವರಿಯಬೇಕು. ಬಟ್ಟೆ ತೊಳೆಯುವ ಪುಡಿಯನ್ನು ನಾನು ಶಿಫಾರಸು ಮಾಡುವುದಿಲ್ಲ. ಅದರ ಸರ್ಫ್ಯಾಕ್ಟಂಟ್ ಗಡಸು ನೀರನ್ನು ಸ್ವಲ್ಪ ತಾಳಿಕೊಂಡರೂ ಜೊತೆಗಿರುವ ಸೋಡಾ ಔಷಧಿಯನ್ನೂ ಎಲೆಯನ್ನೂ ಕೆಡಿಸುತ್ತದೆ.

ಹೆಚ್ಚು ಹಾಕಿದಷ್ಟೂ ಒಳ್ಳೆಯದು ಎಂಬ ಭಾವನೆಯನ್ನು ಇಲ್ಲೇ ಬಿಡಬೇಕು. ಗಡಿ ತುಂಬಿದ ಮೇಲೆ ಉಳಿದ ಅಣುಗಳು ನೀರಿನಲ್ಲಿ ತಮ್ಮತಮ್ಮಲ್ಲೇ ಗುಂಪುಗೂಡುತ್ತವೆ, ಗಡಿ ಎಳೆತ ಅಲ್ಲಿಂದ ಮುಂದೆ ಇಳಿಯುವುದಿಲ್ಲ. ಹೆಚ್ಚಾದದ್ದು ಎಲೆಯ ಮೇಣದ ಪದರವನ್ನು ಕರಗಿಸುತ್ತದೆ, ದ್ರವವು ಎಲೆಯ ಮೇಲೆ ನಿಲ್ಲದೆ ಜಾರಿ ನೆಲ ಸೇರುವಂತೆ ಮಾಡುತ್ತದೆ. ಸಿಂಧನೂರು, ಗಂಗಾವತಿ ಕಡೆಯ ಭತ್ತದ ಎಲೆ ನೀರನ್ನು ಸಹಜವಾಗಿ ಉರುಳಿಸಿಬಿಡುವುದರಿಂದ ಅಲ್ಲಿ ಸ್ವಲ್ಪ ಹೆಚ್ಚು ಹರಡುವಿಕೆ ಬೇಕು. ಮೆಣಸಿನಕಾಯಿಯ ಎಳೆ ಚಿಗುರಿಗೆ ಅಷ್ಟು ಬೇಡ. ನಾಲ್ಕೈದು ಗಿಡಗಳಿಗೆ ಮೊದಲು ಹೊಡೆದು, ಎರಡು ದಿನ ಬಿಟ್ಟು ನೋಡಿ, ಆಮೇಲೆ ಹೊಲಕ್ಕೆ ಇಳಿಯುವುದು ಲೇಸು.

ಪಂಪಿನಲ್ಲಿ ಈಗಾಗಲೇ ಒಡೆದ ಮಿಶ್ರಣವಿದ್ದರೆ ಅದನ್ನು ಅಲುಗಿಸಿ ಸಿಂಪಡಿಸಲು ಹೋಗಬಾರದು. ಕೈಗವಸು ಹಾಕಿಕೊಂಡು ಬಕೆಟ್ಟಿಗೆ ಸುರಿದು, ಗಸಿಯನ್ನು ಬಟ್ಟೆಯಲ್ಲಿ ಸೋಸಿ ತೆಗೆದು, ನಾನ್‌ಅಯಾನಿಕ್ ಎಮಲ್ಸಿಫೈಯರನ್ನು ಲೇಬಲ್ಲಿನ ಪ್ರಮಾಣದಲ್ಲಿ ಸೇರಿಸಿ ಬಲವಾಗಿ ಕಲಕಿ, ಒಂದು ಬಾಟಲಿಯಲ್ಲಿ ಅರ್ಧ ಗಂಟೆ ನಿಲ್ಲಿಸಿ ನೋಡಬೇಕು. ನಿಂತರೆ ಅಂದೇ ಬಳಸಬೇಕು, ನಿಲ್ಲದಿದ್ದರೆ ಕೈಬಿಡಬೇಕು. ಕೈಬಿಟ್ಟದ್ದನ್ನು ನಾಲೆಗೋ ಬಾವಿಗೋ ಹಳ್ಳಕ್ಕೋ ಚೆಲ್ಲಬಾರದು, ಏಕೆಂದರೆ ಸರ್ಫ್ಯಾಕ್ಟಂಟ್ ಮೀನಿನ ಕಿವಿರುಗಳಿಗೆ ಹಾನಿ ಮಾಡುತ್ತದೆ. ಬೋರಿನ ನೀರಿನ ಗಡಸುತನ, ಲವಣ ಮತ್ತು ಪಿಎಚ್ ಎಷ್ಟೆಂದು ಖಚಿತವಾಗಿ ತಿಳಿಯಬೇಕಾದರೆ, ಪಂಪ್ ಚಾಲೂ ಮಾಡಿ ಸ್ವಲ್ಪ ಹೊತ್ತು ಹರಿಯಬಿಟ್ಟ ಮೇಲೆ ಸ್ವಚ್ಛ ಬಾಟಲಿಯಲ್ಲಿ ಒಂದು ಲೀಟರ್ ನೀರು ಹಿಡಿದು, ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಅಥವಾ ರಾಯಚೂರು, ಗಂಗಾವತಿ, ಹಗರಿಯ ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ಪರೀಕ್ಷೆಯ ಬಗ್ಗೆ ವಿಚಾರಿಸಬಹುದು. ಬೋರಿನ ನೀರು ಬೇಸಿಗೆಯಲ್ಲಿ ಒಂದು ಬಗೆ, ಮಳೆಯ ನಂತರ ಇನ್ನೊಂದು ಬಗೆ ಇರುವುದರಿಂದ ಈ ಪರೀಕ್ಷೆಯನ್ನು ಎರಡೂ ಕಾಲಗಳಲ್ಲಿ ಮಾಡಿಸುವುದು ಒಳ್ಳೆಯದು.